ಮಂಡಿಯೂರುವ ವ್ಯಾನು

ಮಾರ್ಚ್ 3

ಪ್ರೀತಿಯ ಮಾವ,

ಒಂಬತ್ತು ವರ್ಷದ ಮೇಲೆ ನಿಮಗೆ ಬರೆಯುತ್ತಿದ್ದೇನೆ, ಅದೂ ಒಂದು ವ್ಯಾನಿನ ವಿಷಯಕ್ಕೆ. ಓದಿ ನಗುತ್ತೀರೋ, ಹರಿದು ಬಿಸಾಡುತ್ತೀರೋ ಗೊತ್ತಿಲ್ಲ. ಫೋನ್ ಮಾಡೋಣವೆಂದರೆ, ನಿಮಗೀಗ ಫೋನಿನಲ್ಲಿ ಏನೂ ಕೇಳಿಸುವುದಿಲ್ಲ ಎಂದು ಅತ್ತೆ ಹೇಳಿದ್ದರು. ನಲವತ್ತು ವರ್ಷ ವರ್ಕ್‌ಶಾಪಿನ ಗದ್ದಲದಲ್ಲಿ ನಿಂತವರ ಕಿವಿ ಇನ್ನೇನಾಗುತ್ತದೆ. ಅದಕ್ಕೇ ಈ ಕಾಗದ.

ಅಪ್ಪನಿಗೆ ಎರಡು ವರ್ಷದ ಹಿಂದೆ ಲಕ್ವ ಹೊಡೆದದ್ದು ನಿಮಗೆ ಗೊತ್ತು. ಅತ್ತೆ ಬಂದು ನೋಡಿಕೊಂಡು ಹೋದರು, ನೀವು ಬರಲಿಲ್ಲ. ಆಕ್ಷೇಪಿಸುತ್ತಿಲ್ಲ, ಇದ್ದದ್ದು ಹೇಳಿದೆ. ಬಲಗೈ, ಬಲಗಾಲು ಇನ್ನೂ ಸ್ವಾಧೀನಕ್ಕೆ ಬಂದಿಲ್ಲ. ಎಡಗೈಯಲ್ಲಿ ಗಾಲಿ ತಿರುಗಿಸಿಕೊಂಡು, ಎಡಗಾಲಲ್ಲಿ ನೆಲ ಒದ್ದುಕೊಂಡು, ಗಾಲಿಕುರ್ಚಿಯಲ್ಲಿ ಮನೆಯೆಲ್ಲ ಓಡಾಡುತ್ತಾರೆ. ಮೂವತ್ತು ವರ್ಷ ಟೂರಿಸ್ಟ್ ಬಸ್ಸು ಓಡಿಸಿದ ಮನುಷ್ಯ. ಬಾಗಿಲ ಚೌಕಟ್ಟಿಗೆ ಇದುವರೆಗೆ ಒಂದು ಗೀರೂ ಬಿದ್ದಿಲ್ಲ.

ನಮ್ಮ ವ್ಯಾನು ಒಂದು ನರ್ಸಿಂಗ್ ಹೋಮಿನವರು ಓಡಿಸಿ ಬಿಟ್ಟದ್ದು. ಹಿಂದಿನ ಚಕ್ರಗಳ ಮೇಲೆ ಸ್ಪ್ರಿಂಗ್ ಬದಲು ಗಾಳಿ ತುಂಬುವ ರಬ್ಬರ್ ಚೀಲಗಳಿವೆ. ಗುಂಡಿ ಒತ್ತಿದರೆ ಗಾಳಿ ಬಿಟ್ಟು ಹಿಂಭಾಗ ಕೆಳಗಿಳಿಯುತ್ತದೆ. ಅಪ್ಪ ಅದನ್ನು 'ಒಂಟೆ' ಎನ್ನುತ್ತಾರೆ. ಒಂಟೆ ಮಂಡಿಯೂರಿದ ಮೇಲೆ ಹಿಂಬಾಗಿಲಿಂದ ಹಲಗೆ ಬಿಚ್ಚಿ ಇಳಿಜಾರು ಮಾಡಿದರೆ ಕುರ್ಚಿಯನ್ನು ಒಂದೇ ಕೈಯಲ್ಲಿ ತಳ್ಳಬಹುದು. ವಾರಕ್ಕೆ ಮೂರು ಸಲ ವ್ಯಾಯಾಮ ಕೇಂದ್ರ, ಒಂದು ಸಲ ಬಸ್ ನಿಲ್ದಾಣದಲ್ಲಿ ಹಳೇ ಡ್ರೈವರ್‌ಗಳ ಹರಟೆ. ಅವರ ಪ್ರಪಂಚ ಈಗ ಅಷ್ಟೇ, ಆದರೆ ಅದು ಇದೆ.

ಒಂದು ತಿಂಗಳಿಂದ ಬೆಳಿಗ್ಗೆ ಎದ್ದು ನೋಡಿದರೆ ವ್ಯಾನಿನ ಹಿಂಭಾಗ ತಾನೇ ಕುಸಿದು ಕೂತಿರುತ್ತದೆ. ಮತ್ತೆ ಎಬ್ಬಿಸಲು ಗಾಳಿ ತುಂಬುವ ಕಂಪ್ರೆಸರ್ ಗೊರಗೊರ ಎಂದು ಒದ್ದಾಡುತ್ತದೆ. ಗ್ಯಾರೇಜಿನವನು ನೋಡಿ, ಕಂಪ್ರೆಸರಿಗೆ ವಯಸ್ಸಾಗಿದೆ, ಚೀಲಗಳಲ್ಲೂ ಬಿರುಕಿದೆ, ಎಲ್ಲ ಕಿತ್ತು ಮಾಮೂಲಿ ಸ್ಪ್ರಿಂಗ್ ಹಾಕಿಸಿಬಿಡಿ, ಆಮೇಲೆ ಅದರ ಸುದ್ದಿಗೇ ಹೋಗಬೇಕಾಗಿಲ್ಲ ಎಂದ. ಸ್ಪ್ರಿಂಗ್ ಹಾಕಿದರೆ ವ್ಯಾನು ಮಂಡಿಯೂರುವುದಿಲ್ಲ. ಇಳಿಜಾರು ಕಡಿದಾಗುತ್ತದೆ, ತಳ್ಳಲು ಗಟ್ಟಿ ಆಳು ಬೇಕು. ಸದ್ಯಕ್ಕೆ ಆ ಗಟ್ಟಿ ಆಳು ನಾನೇ. ಪಕ್ಕದ ಮನೆಯ ದರ್ಜಿ ವ್ಯಾನು ಓಡಿಸಲು ಯಾವಾಗಲೂ ತಯಾರು, ಆದರೆ ಅವನ ಬೆನ್ನು ಕೆಟ್ಟಿದೆ, ಕುರ್ಚಿ ತಳ್ಳಲಾರ.

ಅಪ್ಪನನ್ನು ಕೇಳಿದರೆ ಪೇಪರಿನಿಂದ ತಲೆಯೆತ್ತದೆ, "ಸ್ಪ್ರಿಂಗೇ ಹಾಕ್ಸು" ಎಂದರು. ಸ್ಪ್ರಿಂಗ್ ಎಂಬ ಮಾತು ಕೇಳಿದರೇ ಉರಿದುಬೀಳುತ್ತಿದ್ದವರು. ಆ ಮಾತು ನನಗೆ ಅರಗಲಿಲ್ಲ.

ಇನ್ನೊಂದು ವಿಷಯ. ನಾನು ಕೆಲಸ ಮಾಡುವ ಕನ್ನಡಕದ ಗಾಜು ಉಜ್ಜುವ ಕಾರ್ಖಾನೆಯವರು ದೂರದ ಊರಲ್ಲಿ ಹೊಸದೊಂದು ತೆರೆಯುತ್ತಿದ್ದಾರೆ. ಎರಡು ವರ್ಷ ಅದನ್ನು ನಡೆಸಿಕೊಡು ಎಂದು ಕೇಳಿದರು. ಆಗುವುದಿಲ್ಲ ಎಂದೆ. ಅಪ್ಪನಿಗೆ ಹೇಳಿಲ್ಲ, ನೀವೂ ಅತ್ತೆಯ ಹತ್ತಿರ ಬಾಯಿಬಿಡಬೇಡಿ.

ಏನು ಮಾಡಲಿ, ಮಾವ? ರಿಪೇರಿಯೋ, ಸ್ಪ್ರಿಂಗೋ?

ನಿಮ್ಮ,
ಪುಟ್ಟಿ


ಮಾರ್ಚ್ 11

ಪುಟ್ಟಿ,

ಕಾಗದ ಹರಿಯಲಿಲ್ಲ. ಎರಡು ಸಲ ಓದಿದೆ. ಮೂರನೇ ಸಲ ಓದುವಷ್ಟರಲ್ಲಿ ನಿನ್ನ ಅತ್ತೆ ಕಿತ್ತುಕೊಂಡು ಓದಿ, ಕಣ್ಣು ಒರೆಸಿಕೊಂಡು, ನನಗೆ ಬೈದಳು. ಬೈದದ್ದು ಕೇಳಿಸಲಿಲ್ಲ, ಆದರೆ ಮುಖ ನೋಡಿದರೆ ಗೊತ್ತಾಗುವಂತೆ ಬೈಯುವ ಕಲೆ ಅವಳಿಗಿದೆ. ಕಾರ್ಖಾನೆಯ ವಿಷಯವೂ ಅವಳಿಗೆ ಗೊತ್ತಾಯಿತು, ಅದಕ್ಕೆ ನಾನು ಜವಾಬ್ದಾರನಲ್ಲ.

ಕಾಗದದ ಮೇಲೆ ಗಾಡಿ ರಿಪೇರಿ ಮಾಡುತ್ತಿರುವುದು ಇದೇ ಮೊದಲು. ವರ್ಕ್‌ಶಾಪಿನಲ್ಲಿ ನನ್ನನ್ನು ಹಿಂದಿನಿಂದ 'ಅಳತೆ ಮೇಸ್ತ್ರಿ' ಎಂದು ಆಡಿಕೊಳ್ಳುತ್ತಿದ್ದರು. ಕುಸಿಯುವ ಗಾಡಿ ಬಂದರೆ ಎರಡು ವಾರ ಸಂಜೆ, ಬೆಳಿಗ್ಗೆ ಅಳೆದು ಬರೆದಿಡದೆ ನಾನು ಸ್ಪ್ಯಾನರ್ ಮುಟ್ಟುತ್ತಿರಲಿಲ್ಲ. ಗಿರಾಕಿಗಳು ಹಲ್ಲು ಕಡಿಯುತ್ತಿದ್ದರು. ಕಡಿಯಲಿ. ಗಾಳಿ ಎಲ್ಲಿ ಸೋರುತ್ತದೆ ಎಂದು ಗಾಡಿಯೇ ಹೇಳುತ್ತದೆ, ನಾವು ಸುಮ್ಮನಿದ್ದು ಕೇಳಬೇಕು ಅಷ್ಟೆ.

ನೀನೂ ಹಾಗೇ ಮಾಡು. ಹಿಂದಿನ ಎರಡೂ ಚಕ್ರಗಳ ನಟ್ಟನಡುವಿನಿಂದ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ ಅಳೆ. ರಾತ್ರಿ ಮಲಗುವ ಮುಂಚೆ ಒಂದು ಸಲ, ಎದ್ದ ಮೇಲೆ ಒಂದು ಸಲ. ಚಳಿ ಎಷ್ಟಿತ್ತು, ಹಿಂದಿನ ದಿನ ಗಾಡಿ ಎಲ್ಲಿಗೆ ಹೋಗಿತ್ತು, ಅದನ್ನೂ ಬರೆ. ಗಾಳಿಯ ಕೊಳವೆ ಸೇರುವ ಕಡೆಯೆಲ್ಲ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡು. ಗಾಜು ಉಜ್ಜುವವಳು ನೀನು, ಕೂದಲೆಳೆಯಷ್ಟು ವ್ಯತ್ಯಾಸವೂ ನಿನ್ನ ಕಣ್ಣಿಗೆ ತಪ್ಪುವುದಿಲ್ಲ.

ರಿಪೇರಿಯೋ ಸ್ಪ್ರಿಂಗೋ ಎಂದು ಮಾತ್ರ ನನ್ನನ್ನು ಕೇಳಬೇಡ. ಆ ವಿಷಯಕ್ಕೆ ಒಂದು ಸಲ ಕೈಹಾಕಿದ್ದಕ್ಕೇ ಒಂಬತ್ತು ವರ್ಷದಿಂದ ನಿಮ್ಮ ಮನೆಯ ಹೊಸ್ತಿಲು ತುಳಿದಿಲ್ಲ.

ಭಾವನವರಿಗೆ ನಾನು ಬರೆದದ್ದು ಹೇಳುವುದೂ ಬಿಡುವುದೂ ನಿನಗೆ ಬಿಟ್ಟದ್ದು.

ಆಶೀರ್ವಾದಗಳೊಂದಿಗೆ,
ಮಾವ


ಏಪ್ರಿಲ್ 2

ಪ್ರೀತಿಯ ಮಾವ,

ಎರಡು ವಾರದ ಅಳತೆಯ ಹಾಳೆ ಇದರ ಜೊತೆಗಿದೆ. ಸಂಜೆ ಎರಡೂ ಕಡೆ ನಾನೂರ ಮೂವತ್ತು ಮಿಲಿಮೀಟರ್. ಬೆಳಿಗ್ಗೆ ಎರಡೂ ಕಡೆ ಮುನ್ನೂರ ಮೂವತ್ತೆಂಟು. ಚಳಿಯಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ನಾಲ್ಕು ದಿನ ಮಾತ್ರ ಒಂದು ಮಿಲಿಮೀಟರೂ ಇಳಿದಿಲ್ಲ. ಆ ನಾಲ್ಕೂ ನಾನು ಬೆಳಗಿನ ಪಾಳಿಗೆ ಹೋಗುವ ಮಂಗಳವಾರ ಮತ್ತು ಶುಕ್ರವಾರ. ಬೇಗ ಅಳೆದದ್ದಕ್ಕೆ ಇನ್ನೂ ಇಳಿದಿರಲಿಲ್ಲವೋ ಏನೋ. ಸೋಪಿನ ನೀರಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ. ವ್ಯಾನಿನಡಿ ಅಂಗಾತ ಮಲಗಿ ಸೀರೆಗೆಲ್ಲ ಸೋಪು ಮಾಡಿಕೊಂಡದ್ದೇ ಲಾಭ.

ನಿಮ್ಮ ಕಾಗದ ಬಂದದ್ದನ್ನು ಅಪ್ಪ ನೋಡಿದರು. ಲಕೋಟೆಯ ಮೇಲಿನ ಅಕ್ಷರ ಗುರುತು ಸಿಕ್ಕಿರಬೇಕು. ತಿರುಗಿಸಿ ನೋಡಿ, ಮೇಜಿನ ಮೇಲಿಟ್ಟು ಒಳಗೆ ಹೋದರು. ಸಂಜೆಯವರೆಗೂ ಮುಖ ಊದಿಸಿಕೊಂಡೇ ಇದ್ದರು.

ಹಳೆಯದನ್ನು ನೀವೇ ಎತ್ತಿದ್ದರಿಂದ ಬರೆಯುತ್ತೇನೆ. ಬಸ್ಸಿನ ಮಾಲೀಕರು ಅಪ್ಪನಿಗೆ ಕೊಟ್ಟ ಹಳೇ ಕಾರಿಗೂ ಇಂಥದೇ ಗಾಳಿಯ ಚೀಲಗಳಿದ್ದವು. ಅಮ್ಮನ ಬೆನ್ನುಮೂಳೆಗೆ ಕಾಯಿಲೆ ಬಂದು ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಬೇಕಾದಾಗ, ಅವಳಿಗೆ ಅಲುಗಾಟವಾಗಬಾರದೆಂದು ಅಪ್ಪ ಆ ಚೀಲಗಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತಿದ್ದರು. ಅವರು ಟೂರಿಗೆ ಹೋಗಿದ್ದ ನಾಲ್ಕು ದಿನದಲ್ಲಿ ನೀವು ಯಾರನ್ನೂ ಕೇಳದೆ ಅವನ್ನು ಕಿತ್ತು ಸ್ಪ್ರಿಂಗ್ ಹಾಕಿದಿರಿ. ಆಮೇಲೆ ಪ್ರತಿ ಗುಂಡಿಗೂ ಅಮ್ಮ ಹಲ್ಲು ಕಚ್ಚುತ್ತಿದ್ದಳು. ಹಿಂದಿನ ಸೀಟಿನಲ್ಲಿ ಪಕ್ಕ ಕೂತಿರುತ್ತಿದ್ದವಳು ನಾನು. ಅವಳು ಹೋದ ಮರುವಾರ ನಡುಮನೆಯಲ್ಲಿ ಎಲ್ಲರೆದುರಿಗೆ ಅಪ್ಪ ನಿಮಗೆ, "ನನ್ನ ಹೆಂಡತಿ ಮೂಳೆ ಅಲ್ಲಾಡಿಸಿದವನು ನೀನು" ಎಂದರು. ನೀವು ಕೈಯಲ್ಲಿದ್ದ ಲೋಟ ಕೆಳಗಿಟ್ಟು ಎದ್ದು ಹೋದಿರಿ.

ಯಾಕೆ ಹಾಗೆ ಮಾಡಿದಿರಿ ಎಂದು ನಾನು ಆಗಲೂ ಕೇಳಲಿಲ್ಲ, ಈಗಲೂ ಕೇಳುವುದಿಲ್ಲ. ಆದರೆ ನೀವು ಬಾಯಿಗೆ ಬೀಗ ಹಾಕಿಕೊಂಡು ಹೋದದ್ದು ನನಗೆ ಅವತ್ತಿನಿಂದ ಕೊರೆಯುತ್ತಿದೆ. ಅಷ್ಟು ಸುಲಭವಾಗಿ ಸೋಲುವವರಲ್ಲ ನೀವು.

ಅಳತೆ ನೋಡಿ ಬರೆಯಿರಿ.

ಪುಟ್ಟಿ


ಏಪ್ರಿಲ್ 9

ಪುಟ್ಟಿ,

ನಿನ್ನ ಹಾಳೆಯನ್ನು ಕನ್ನಡಕ ಹಾಕಿ ನೋಡಿದೆ, ತೆಗೆದು ನೋಡಿದೆ. ಇಂಥ ಚೊಕ್ಕ ಅಳತೆ ನನ್ನ ಕೈಕೆಳಗಿನವರು ಯಾರೂ ತಂದುಕೊಟ್ಟಿರಲಿಲ್ಲ.

ನಿನ್ನ ವ್ಯಾನು ಸೋರುತ್ತಿಲ್ಲ.

ಸೋರುವ ಚೀಲ ಒಂದು ಕಡೆ ಹೆಚ್ಚು ಇಳಿಯುತ್ತದೆ, ಇನ್ನೊಂದು ಕಡೆ ಕಡಿಮೆ. ಚಳಿಗೆ ಬೇರೆ, ಸೆಕೆಗೆ ಬೇರೆ. ಎರಡೂ ಕಡೆ ಒಂದೇ ಸಮ, ಅದೂ ದಿನಾ ತೊಂಬತ್ತೆರಡೇ ಮಿಲಿಮೀಟರ್ ಇಳಿಯಬೇಕಾದರೆ ಅದು ಗುಂಡಿ ಒತ್ತಿದ್ದು, ಬೇರೇನಲ್ಲ. ಬೇಕಾದರೆ ಗುಂಡಿ ಒತ್ತಿ ಅಳೆದು ನೋಡು, ಅಷ್ಟೇ ಬರುತ್ತದೆ. ಮಂಗಳವಾರ, ಶುಕ್ರವಾರ ರಜೆ ಹಾಕುವ ಸೋರಿಕೆಯನ್ನು ನಾನು ನಲವತ್ತು ವರ್ಷದಲ್ಲಿ ಕಂಡಿಲ್ಲ. ನೀನು ಬೇಗ ಏಳದ ದಿನ ನಿನಗಿಂತ ಮುಂಚೆ ಯಾರೋ ಎದ್ದು ಗಾಳಿ ಬಿಡುತ್ತಿದ್ದಾರೆ. ಇಳಿಸುವಾಗ ಸುಯ್ ಎಂದರೆ ಮುಗಿಯಿತು. ಮತ್ತೆ ಎಬ್ಬಿಸಿದರೆ ಕಂಪ್ರೆಸರ್ ಸದ್ದಿಗೆ ನಿನಗೆ ಎಚ್ಚರವಾಗುತ್ತದೆ, ಅದಕ್ಕೇ ಹಾಗೇ ಬಿಟ್ಟುಹೋಗುತ್ತಾರೆ. ನಿಮ್ಮ ಮನೆಯಲ್ಲಿರುವವರು ಇಬ್ಬರೇ.

ಭಾವನವರನ್ನು ಕೇಳಬೇಡ, ಬೈಯಬೇಡ. ನಾಳೆ ಒಂದು ದಿನ ಬೇಗ ಎದ್ದು ಅಡುಗೆಮನೆ ಕಿಟಕಿಯಿಂದ ನೋಡು. ನೋಡಿದ್ದನ್ನು ನನಗೆ ಬರೆ. ಗ್ಯಾರೇಜಿನವನಿಗೆ ಸದ್ಯಕ್ಕೆ ಏನೂ ಹೇಳಬೇಡ.

ಮಾವ


ಏಪ್ರಿಲ್ 15

ಪ್ರೀತಿಯ ಮಾವ,

ನೋಡಿದೆ. ನೋಡದಿದ್ದರೆ ಚೆನ್ನಾಗಿತ್ತು.

ಆಗಷ್ಟೇ ಬೆಳಕು ಹರಿಯುತ್ತಿತ್ತು. ಅಪ್ಪ ಅಂಗಿಯ ಗುಂಡಿಯನ್ನೆಲ್ಲ ಹಾಕಿಕೊಂಡು, ತಲೆ ಬಾಚಿಕೊಂಡು, ಎಲ್ಲಿಗೋ ಹೊರಟವರ ಹಾಗೆ ಅಂಗಳಕ್ಕೆ ಬಂದರು. ವ್ಯಾನನ್ನು ಮಂಡಿಯೂರಿಸಿದರು. ಹಲಗೆಯನ್ನು ಎಡಗೈಯಲ್ಲೇ ಎಳೆದು ಇಳಿಬಿಟ್ಟರು. ಆಮೇಲೆ ಕುರ್ಚಿಯನ್ನು ಹಿಂದುಮುಂದು ತಿರುಗಿಸಿ, ಬೆನ್ನು ವ್ಯಾನಿನ ಕಡೆ ಮಾಡಿಕೊಂಡು, ಎಡಗಾಲಲ್ಲಿ ಒದ್ದುಕೊಂಡು ಹಿಮ್ಮುಖವಾಗಿ ಹತ್ತತೊಡಗಿದರು. ಒಂದು ಒದೆತಕ್ಕೆ ಗೇಣು. ಅರ್ಧಕ್ಕಿಂತ ಸ್ವಲ್ಪ ಮೇಲೆ ಹೋದ ಮೇಲೆ ಕಾಲು ನಡುಗಿ, ಕುರ್ಚಿ ಸರ್ರೆಂದು ಕೆಳಕ್ಕೆ ಬಂತು. ಬೀಳಲಿಲ್ಲ. ಮತ್ತೆ ಹತ್ತಿದರು. ಒಟ್ಟು ಐದು ಸಲ. ಐದನೇ ಸಲ ಇಳಿದ ಮೇಲೆ ಹಣೆಯನ್ನು ವ್ಯಾನಿನ ಬಾಗಿಲಿಗೆ ಆನಿಸಿ ಸುಮಾರು ಹೊತ್ತು ಕೂತಿದ್ದರು.

ನಾನು ಹೊರಗೆ ಹೋಗಲಿಲ್ಲ. ಹೋಗಿದ್ದರೆ ಅವರಿಗೆ ನನ್ನ ಮುಖ ನೋಡುವುದು ಕಷ್ಟವಾಗುತ್ತಿತ್ತು. ಕಿಟಕಿಯಿಂದ ಸರಿದು ಬೇಕೆಂದೇ ಪಾತ್ರೆಗಳ ಸದ್ದು ಮಾಡಿದೆ. ಅವರು ಹಲಗೆ ಎತ್ತಿಟ್ಟು ಬಂದು ಪೇಪರ್ ಹಿಡಿದು ಕೂತರು. ನನಗೆ ಕೋಪ ಬಂತು ಮಾವ, ತಡೆಯಲಾರದಷ್ಟು. ತಲೆ ಒಡೆದಿದ್ದರೆ ಯಾರು ಗತಿ? ಕೋಪದಲ್ಲೇ ಅಳುವೂ ಬಂತು, ಯಾವುದು ಎಷ್ಟು ಎಂದು ತಿಳಿಯಲಿಲ್ಲ.

ಅವತ್ತೇ ವ್ಯಾಯಾಮಕ್ಕೆ ಹೊರಡುವಾಗ ಕಂಪ್ರೆಸರ್ ಒಂದು ಸಲ ಗೊರ ಎಂದು ಸುಮ್ಮನಾಯಿತು. ವ್ಯಾನು ಕುಸಿದು ಕೂತಿದೆ, ಚಕ್ರಕ್ಕೆ ಮಡ್‌ಗಾರ್ಡು ಉಜ್ಜುತ್ತದೆ, ಓಡಿಸುವ ಹಾಗಿಲ್ಲ. ಅಪ್ಪ ಅಂದಿನಿಂದ ಹೊರಗೆ ಹೋಗಿಲ್ಲ. ಗ್ಯಾರೇಜಿನವನು ಏನು ನಿರ್ಧಾರ ಮಾಡಿದಿರಿ ಎಂದು ಕೇಳಿದ. ತಡಿ ಎಂದೆ.

ನಿಮ್ಮ ಎರಡೂ ಕಾಗದಗಳನ್ನು ಊಟದ ಮೇಜಿನ ಮೇಲೆ ಬಿಟ್ಟು ಕೆಲಸಕ್ಕೆ ಹೋಗುತ್ತಿದ್ದೇನೆ. ಬೇಕೆಂದೇ ಬಿಟ್ಟಿದ್ದೇನೆ. ನನ್ನ ಬಾಯಿಂದ ಹೇಳಲು ಧೈರ್ಯ ಸಾಲದು.

ಪುಟ್ಟಿ


ಮೇ 20

ಮೇಸ್ತ್ರಿಗೆ,

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕೋಳಿ ಕೆದರಿದ ಹಾಗಿದೆ. ಓದಲಾಗದಿದ್ದರೆ ಬಿಡು. ಒಂದು ಕಾಗದಕ್ಕೆ ನಾಲ್ಕು ದಿನ ಹಿಡಿಯಿತು.

ನಿನ್ನ ಕಾಗದ ಓದಿದೆ. ಹುಡುಗಿ ಬೇಕೆಂದೇ ಬಿಟ್ಟು ಹೋಗಿದ್ದಳು. ಪತ್ತೇದಾರಿ ಮಾಡಿ ನನ್ನನ್ನು ಹಿಡಿದೆ ಎಂದು ಹಿಗ್ಗಬೇಡ. ನಾನೇ ಗಾಳಿ ಬಿಡುತ್ತಿದ್ದವನು. ಕಂಪ್ರೆಸರ್ ಕೆಡಿಸಿದವನೂ ನಾನೇ.

ಯಾಕೆಂದು ಹೇಳುತ್ತೇನೆ. ಅವಳ ಕಾರ್ಖಾನೆಯ ಯಜಮಾನರು ಅವಳಿಲ್ಲದಾಗ ಮನೆಗೆ ಬಂದಿದ್ದರು. ಹೊಸ ಕೆಲಸದ ವಿಷಯ ಹೇಳಿದರು. ನನ್ನ ದೆಸೆಯಿಂದ ಒಲ್ಲೆ ಅಂದಿದ್ದಾಳೆ ಎಂದೂ ಹೇಳಿದರು. ಒಂಟೆಯ ಮೇಲೆ ನಾನೇ ಹತ್ತುವಂತಾದರೆ, ಓಡಿಸಲು ದರ್ಜಿ ಇದ್ದಾನೆ. ಅಡುಗೆಗೆ ಒಬ್ಬರು ಸಿಗುತ್ತಾರೆ. ಹುಡುಗಿ ಹೋಗಬಹುದು. ಅದಕ್ಕೇ ಕಲಿಯಲು ನೋಡಿದೆ. ಒಂದು ತಿಂಗಳು ನೋಡಿದೆ. ಆಗಲಿಲ್ಲ.

ಆಗದ್ದು ಗೊತ್ತಾದ ಮೇಲೂ ದಿನಾ ಬೆಳಿಗ್ಗೆ ಹೋಗದೆ ಇರಲಾಗುತ್ತಿರಲಿಲ್ಲ. ಸ್ಪ್ರಿಂಗ್ ಹಾಕಿಸಿದರೆ ಆ ಆಸೆಯೇ ಇರುವುದಿಲ್ಲ, ನೆಮ್ಮದಿಯಾಗಿ ಮೂಲೆ ಸೇರಬಹುದು. ಅದಕ್ಕೆ ಸ್ಪ್ರಿಂಗ್ ಹಾಕ್ಸು ಅಂದೆ. ಈಗಲೂ ಅದೇ ಹೇಳುತ್ತೇನೆ.

ಆದರೆ ಒಂದು ಮಾತು ಕೇಳಬೇಕು. ಅವಳಿಗೆ ರಿಪೇರಿಯೋ ಸ್ಪ್ರಿಂಗೋ ಎಂದು ಹೇಳಲಾರೆ ಎಂದು ಬರೆದಿದ್ದೀಯ. ನನ್ನ ಹೆಂಡತಿಯ ಕಾರಿಗೆ ಆಗ ಹೇಗೆ ಹೇಳಿದೆ? ಇಷ್ಟು ಅಳತೆ ನೋಡುವವನು, ಕೂದಲು ಸೀಳುವವನು, ಸ್ವಂತ ಅಕ್ಕನ ಬೆನ್ನು ಏನಾಗುತ್ತದೆ ಎಂದು ಅಳೆಯಲಿಲ್ಲವೇ? ಒಂಬತ್ತು ವರ್ಷದಿಂದ ಈ ಮಾತು ನನ್ನ ಗಂಟಲಲ್ಲಿದೆ. ಕೋಪದಿಂದ ಕೇಳುತ್ತಿಲ್ಲ. ಕೋಪ ಮಾಡಿಕೊಳ್ಳಲು ಎರಡೂ ಕೈ ಬೇಕು. ಗೊತ್ತಾಗಬೇಕು, ಅಷ್ಟೆ.

ಹೇಳು.


ಜೂನ್ 10

ಭಾವನವರಿಗೆ ನಮಸ್ಕಾರಗಳು.

ಓದಲು ಕಷ್ಟವಾಗಲಿಲ್ಲ. ಬಲಗೈಯಲ್ಲಿ ಬರೆದಾಗಲೂ ನಿಮ್ಮ ಅಕ್ಷರ ಹೀಗೇ ಇತ್ತು.

ಈ ಕಾಗದವನ್ನು ಮೂರು ಸಲ ಬರೆದು ಹರಿದೆ. ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಮಾತು ತೆಗೆದುಕೊಂಡವಳು ಈಗಿಲ್ಲ, ಆದರೂ ಮಾತು ಮಾತೇ ಎಂದು ಇಷ್ಟು ದಿನ ಸುಮ್ಮನಿದ್ದೆ. ನೀವು ಮೂಲೆ ಸೇರುತ್ತೇನೆ ಎಂದು ಬರೆಯದೆ ಇದ್ದಿದ್ದರೆ ಈಗಲೂ ಸುಮ್ಮನಿರುತ್ತಿದ್ದೆ.

ಸ್ಪ್ರಿಂಗ್ ಹಾಕಿಸಿದ್ದು ಅಕ್ಕ.

ನೀವು ಟೂರಿಗೆ ಹೊರಟ ದಿನವೇ ನನ್ನನ್ನು ಕರೆಸಿದಳು. ಬೆನ್ನಿಗೆ ಎರಡು ದಿಂಬು ಕೊಟ್ಟುಕೊಂಡು ಕಿಟಕಿ ಪಕ್ಕ ಕೂತಿದ್ದಳು. ಅವಳ ಮಾತು ನನಗೆ ಒಂದಕ್ಷರ ಬಿಡದೆ ನೆನಪಿದೆ, ಆಗ ಕಿವಿ ಚೆನ್ನಾಗಿತ್ತು. "ಭಾನುವಾರ ಬೆಳಿಗ್ಗೆ ಕಾರಿನಡಿ ಹೋದ್ರೆ ಕತ್ತಲಾದ ಮೇಲೇ ಅವರು ಬರೋದು. ನನಗೋಸ್ಕರಾನೇ ಮಾಡ್ತಾರೆ, ಗೊತ್ತು. ಆದ್ರೆ ಇಲ್ಲಿ ಕೂತ್ರೆ ನನಗೆ ಅವರ ಕಾಲು ಮಾತ್ರ ಕಾಣತ್ತೆ ಕಣೋ. ಡಾಕ್ಟರ್ ಹೇಳಿದ್ದು ನಿನಗೂ ಗೊತ್ತಿದೆ. ಇನ್ನೆಷ್ಟು ಭಾನುವಾರ ಇದ್ದಾವು? ಕೆಡದೇ ಇರೋ ಅಂಥದ್ದು ಏನಾದ್ರೂ ಹಾಕು."

ಅಲುಗಾಟ ನೀನು ತಡೆಯಲಾರೆ ಎಂದು ನಾನು ಹೇಳಿದೆ. ಜಗಳವನ್ನೇ ಆಡಿದೆ. ಅವಳು ಹೇಳಿದ್ದು ಇಷ್ಟು: "ಆಸ್ಪತ್ರೆ ದಾರಿ ವಾರಕ್ಕೆ ಒಂದು ಗಂಟೆ. ಭಾನುವಾರ ಇಡೀ ದಿನ." ನಿಮಗೆ ತಿಳಿಸಬಾರದು ಎಂದು ಕೈ ಹಿಡಿದು ಮಾತು ತೆಗೆದುಕೊಂಡಳು. ತಿಳಿದರೆ ಕಾರಿನಡಿ ಕಳೆದ ಭಾನುವಾರಗಳನ್ನೆಲ್ಲ ಎಣಿಸುತ್ತಾ ಕೂರುತ್ತೀರಂತೆ.

ಮೆಕ್ಯಾನಿಕ್ ಆಗಿ ನಾನು ಮಾಡಿದ್ದು ತಪ್ಪು ಕೆಲಸ. ತಮ್ಮನಾಗಿ ಬೇರೆ ದಾರಿ ಕಾಣಲಿಲ್ಲ. ಸರಿ ಮಾಡಿದೆನೋ ಇಲ್ಲವೋ ಇವತ್ತಿಗೂ ತಿಳಿಯದು. ಆದರೆ ಒಂದು ವಿಷಯ ನಿಮಗೆ ಗೊತ್ತಿರಲಿ. ಆಮೇಲೆ ಕಾರಿನಲ್ಲಿ ಕೆಡುವಂಥದ್ದು ಏನೂ ಇರಲಿಲ್ಲವಲ್ಲ, ಹದಿನೇಳು ಭಾನುವಾರ ನೀವು ಅವಳ ಪಕ್ಕ ಕೂತು ನನ್ನನ್ನು ಬೈದಿರಿ. ಸೋಮವಾರ ಅವಳು ನನಗೆ ಫೋನ್ ಮಾಡಿ, ಈ ವಾರ ನಿನಗೆ ಹೊಸ ಬೈಗುಳ ಬಂದಿದೆ ಎಂದು ಹೇಳಿ ನಗುತ್ತಿದ್ದಳು. ಅಷ್ಟು ಖುಷಿಯಾಗಿ ಅವಳು ಮಾತಾಡಿದ್ದು ಅದಕ್ಕೂ ಮುಂಚಿನ ವರ್ಷಗಳಲ್ಲೂ ಕಡಿಮೆ.

ಈಗ ವ್ಯಾನಿನ ಮಾತು. ಕಂಪ್ರೆಸರೂ ಎರಡು ಚೀಲಗಳೂ ಹೊಸದು ಹಾಕಿದರೆ ಇನ್ನಷ್ಟು ವರ್ಷ ಓಡುತ್ತದೆ, ಆದರೆ ವರ್ಷಕ್ಕೊಮ್ಮೆ ಗಮನ ಬೇಡುತ್ತದೆ. ಸ್ಪ್ರಿಂಗ್ ಹಾಕಿದರೆ ಮರೆತುಬಿಡಬಹುದು, ಆದರೆ ನಿಮ್ಮನ್ನು ಮೇಲೆ ತಳ್ಳಲು ಯಾವಾಗಲೂ ಒಬ್ಬರು ಬೇಕು. ಎರಡೂ ಸುಳ್ಳಲ್ಲ. ನೀವು ಹತ್ತಲಾಗದ್ದಕ್ಕೆ ಒಂದು ಕಾರಣ ಹಲಗೆಯ ಪಕ್ಕ ಹಿಡಿದುಕೊಳ್ಳಲು ಏನೂ ಇಲ್ಲದ್ದು. ಕೈಗೆ ಸಿಗುವ ಕಡೆ ಒಂದು ಕಂಬಿ ಹಾಕಿಕೊಡಬಹುದು. ನನ್ನ ಕೈ ನಡುಗುತ್ತದೆ, ಆದರೆ ಒಂದು ಕಂಬಿಗೆ ಅಡ್ಡಿಯಿಲ್ಲ.

ಈ ಸಲ ನಿಮ್ಮನ್ನು ಕೇಳದೆ ಏನೂ ಮಾಡುವುದಿಲ್ಲ.

ನಿಮ್ಮ ಭಾವಮೈದುನ


ಆಗಸ್ಟ್ 6

ಪ್ರೀತಿಯ ಮಾವ,

ತಡವಾಗಿ ಬರೆಯುತ್ತಿದ್ದೇನೆ, ಮನ್ನಿಸಿ. ನಿಮ್ಮ ಕಾಗದ ಬಂದ ಮೇಲೆ ಅಪ್ಪ ಎಷ್ಟೋ ದಿನ ಮಾತಾಡಲಿಲ್ಲ. ಊಟಕ್ಕೆ ಬನ್ನಿ ಎಂದರೆ ಬರುತ್ತಿದ್ದರು, ಸಾಕು ಎನಿಸಿದರೆ ಕುರ್ಚಿ ತಿರುಗಿಸಿಕೊಂಡು ಹೋಗುತ್ತಿದ್ದರು. ಒಂದು ದಿನ ತುತ್ತು ಕೈಯಲ್ಲೇ ಹಿಡಿದುಕೊಂಡು, "ಅವಳಿಗೆ ನನ್ನ ಕಾಲು ಮಾತ್ರ ಕಾಣ್ತಿತ್ತಂತೆ" ಎಂದರು. ಆಮೇಲೆ ಬಿಕ್ಕಿ ಬಿಕ್ಕಿ ಅತ್ತರು. ಅಮ್ಮ ಹೋದಾಗಲೂ ಅವರು ಹಾಗೆ ಅತ್ತದ್ದು ನಾನು ನೋಡಿರಲಿಲ್ಲ. ಕಾಗದವನ್ನು ನನ್ನ ಕೈಗೆ ಕೊಟ್ಟರು, ನಾನೂ ಓದಿದೆ. ಹಿಂದಿನ ಸೀಟಿನಲ್ಲಿ ಅಮ್ಮ ಹಲ್ಲು ಕಚ್ಚುತ್ತಿದ್ದಾಗ ನಾನೂ ಮನಸ್ಸಿನಲ್ಲಿ ನಿಮಗೆ ಶಾಪ ಹಾಕಿದ್ದೇನೆ, ಮಾವ. ನನ್ನನ್ನೂ ಹೊಟ್ಟೆಗೆ ಹಾಕಿಕೊಳ್ಳಿ.

ಕಳೆದ ವಾರ ನಾನು ಕೆಲಸದಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಕರೆದು ಎದುರಿಗೆ ಕೂರಿಸಿಕೊಂಡರು. "ನಿಮ್ಮಮ್ಮ ನನ್ನನ್ನ ಪಕ್ಕದಲ್ಲಿ ಕೂರಿಸಿಕೊಂಡಳು. ಅವಳ ಹತ್ರ ದಿನ ಇರಲಿಲ್ಲ, ಅವಳು ಮಾಡಿದ್ದು ಸರಿ. ಸ್ಪ್ರಿಂಗ್ ಹಾಕ್ಸಿದ್ರೆ ನಾನು ನಿನ್ನನ್ನ ಕೂರಿಸಿಕೊಂಡ ಹಾಗೇ. ನನ್ನ ಹತ್ರ ದಿನ ಬೇಕಾದಷ್ಟಿದೆ. ನಾನು ಹಾಗೆ ಮಾಡಬಾರದು" ಎಂದರು. ಗಾಳಿಯೇ ಇರಲಿ, ರಿಪೇರಿ ಮಾಡಿಸು, ನೀನು ಹೋಗು ಎಂದು ಅಪ್ಪಣೆಯಾಯಿತು.

ನಾನು ಸುಮ್ಮನೆ ಒಪ್ಪಲಿಲ್ಲ. ಅಮ್ಮ ನಿಮ್ಮನ್ನು ಕೇಳದೆ ನಿರ್ಧಾರ ಮಾಡಿದಳು, ನೀವು ನನ್ನನ್ನು ಕೇಳದೆ ಮಾಡುತ್ತಿದ್ದೀರಿ, ಈ ಮನೆಯಲ್ಲಿ ಒಬ್ಬರನ್ನೊಬ್ಬರು ಕೇಳುವ ಪದ್ಧತಿಯೇ ಇಲ್ಲವೇ ಎಂದು ಕೂಗಾಡಿದೆ. ಅಪ್ಪ, "ಸರಿ, ಕೇಳ್ತೀನಿ. ಹೋಗೋಕೆ ನಿನಗೆ ಇಷ್ಟ ಇದೆಯೋ ಇಲ್ವೋ?" ಎಂದರು. ಆ ಪ್ರಶ್ನೆಯನ್ನು ನನ್ನನ್ನು ನಾನೇ ಕೇಳಿಕೊಂಡಿರಲಿಲ್ಲ. ಇದೆ ಎಂದೆ.

ಯಜಮಾನರು ಸೆಪ್ಟೆಂಬರ್‌ವರೆಗೆ ಜಾಗ ಖಾಲಿ ಇಟ್ಟಿದ್ದಾರೆ. ಕಂಪ್ರೆಸರಿಗೂ ಚೀಲಗಳಿಗೂ ಹೇಳಿದ್ದೇವೆ. ನೀವು ಬಂದು ನಿಂತು ಹಾಕಿಸಬೇಕಂತೆ. ಗ್ಯಾರೇಜಿನವನ ಮೇಲೆ ಅಪ್ಪನಿಗೆ ನಂಬಿಕೆಯಿಲ್ಲ. ಅತ್ತೆಯನ್ನೂ ಕರೆದುಕೊಂಡು ಬನ್ನಿ. ಕರೆಯುತ್ತಿರುವುದು ನಾನಲ್ಲ, ಅಪ್ಪ. ಅವರೇ ಬರೆಯಬೇಕೆಂದಿದ್ದರು, ಅವರ ನಾಲ್ಕು ದಿನ ಕಾಯುವಷ್ಟು ತಾಳ್ಮೆ ನನಗಿಲ್ಲ.

ನಿಮ್ಮ ದಾರಿ ಕಾಯುವ,
ಪುಟ್ಟಿ


ಅಕ್ಟೋಬರ್ 19

ಮಗಳೇ,

ನಿನ್ನ ಎರಡು ಕಾಗದಕ್ಕೆ ಸೇರಿ ಇದು ಒಂದು ಉತ್ತರ. ಹೊಸ ಕೆಲಸದಲ್ಲಿ ನಿನ್ನ ಕೈಕೆಳಗೆ ಆರು ಜನ ಎಂದು ದರ್ಜಿಗೆ ಹೇಳಿದೆ. ಅವನು ಬೀದಿಗೆಲ್ಲ ಹೇಳಿದ್ದಾನೆ.

ನಿನ್ನ ಮಾವ ಹೋದ ಸೋಮವಾರ ಹೊರಟ. ನೀನು ಹೋದ ಮೇಲೂ ಮೂರು ವಾರ ಇದ್ದು ಪ್ರಾಣ ತಿಂದ. ಕಂಬಿಯನ್ನು ಮೂರು ಸಲ ಹಾಕಿ ಮೂರು ಸಲ ಬಿಚ್ಚಿದ. ನನ್ನ ತೋಳಿನ ಉದ್ದ ಅಳೆದ, ಕೂತು ಅಳೆದ, ಬಗ್ಗಿಸಿ ಅಳೆದ. ದರ್ಜಿ ಅಂಗಿ ಹೊಲಿಯುವಾಗಲೂ ನನ್ನನ್ನು ಅಷ್ಟು ಅಳೆದಿಲ್ಲ. ನಾಲ್ಕನೇ ಸಲ ಹಾಕಿದ ಕಂಬಿ ಸರಿಯಾಗಿ ಕೈಗೆ ಬಂತು. ನಡುಮನೆಯಲ್ಲಿ ಅವನಿಗೆ ಆಡಿದ ಮಾತಿಗೆ ನನ್ನದು ತಪ್ಪಾಯಿತು ಎಂದು ಹೇಳಿದೆ. ಅವನಿಗೆ ಕೇಳಿಸಲಿಲ್ಲ. ಚೀಟಿಯಲ್ಲಿ ಬರೆದು ಕೊಟ್ಟೆ. ಓದಿ, ಜೇಬಿನಲ್ಲಿಟ್ಟುಕೊಂಡ. ಊಟಕ್ಕೆ ಕೂತಾಗ ನಿಮ್ಮ ಅತ್ತೆ ಇಬ್ಬರಿಗೂ ಬೈದಳು.

ಮೊದಲ ವಾರ ಕೊನೆಯ ಒಂದು ಗೇಣು ಆಗುತ್ತಿರಲಿಲ್ಲ. ನಿನ್ನೆ ಆಯಿತು. ಹಿಂದೆ ಯಾರೂ ಇರಲಿಲ್ಲ. ದರ್ಜಿ ಗೇಟು ತೆಗೆಯಲು ಹೋಗಿದ್ದ, ತಿರುಗಿ ನೋಡಿದಾಗ ನಾನು ಒಳಗೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದೆ. ಪುಣ್ಯಾತ್ಮ ಬಂದು ಕುರ್ಚಿಗೆ ಪಟ್ಟಿ ಬಿಗಿದು ಸ್ಟಿಯರಿಂಗ್ ಹಿಡಿದು, ಎಲ್ಲಿಗೆ ಹೋಗಬೇಕು ಎಂದು ಕೇಳಿದ.

ನಾನು ಯೋಚಿಸಿರಲಿಲ್ಲ. ಎರಡೂವರೆ ವರ್ಷದಿಂದ ಹೋಗಲೇಬೇಕಾದ ಕಡೆಗೆ ಮಾತ್ರ ಹೋಗಿದ್ದೆ. ನಿನ್ನೆ ವ್ಯಾಯಾಮವೂ ಇರಲಿಲ್ಲ, ಬಸ್ ನಿಲ್ದಾಣದ ದಿನವೂ ಅಲ್ಲ. ನೇರ ಹೋಗು ಎಂದೆ. ರೈಲ್ವೆ ಗೇಟಿನವರೆಗೆ ಹೋದೆವು. ಗೇಟು ಹಾಕಿತ್ತು. ಒಂದು ಗೂಡ್ಸ್ ಗಾಡಿ ಹೋಯಿತು, ಐವತ್ತೆಂಟು ಡಬ್ಬಿ. ಗೇಟು ತೆಗೆದ ಮೇಲೆ ಅಲ್ಲಿಂದಲೇ ತಿರುಗಿಸಿಕೊಂಡು ಬಂದೆವು. ಏನೂ ಕೊಳ್ಳಲಿಲ್ಲ, ಯಾರನ್ನೂ ನೋಡಲಿಲ್ಲ. ವ್ಯಾನು ನೀರಿನ ಮೇಲೆ ಹೋದ ಹಾಗೆ ಹೋಗುತ್ತದೆ. ನಿನ್ನಮ್ಮನನ್ನು ಒಂದು ಸಲ ಇದರಲ್ಲಿ ಕೂರಿಸಬೇಕಾಗಿತ್ತು ಎನಿಸಿ ಹೊಟ್ಟೆ ಉರಿಯಿತು. ಆಮೇಲೆ ಅದೂ ಕಡಿಮೆಯಾಯಿತು.

ಮುಂದಿನ ಶನಿವಾರ ರಜೆ ಹಾಕಿ ಬರುತ್ತೇನೆ ಎಂದು ಬರೆದಿದ್ದೀಯ. ಬಾ. ಆದರೆ ಹೊರಡುವ ಮುಂಚೆ ಒಂದು ಫೋನ್ ಮಾಡು. ನಾನು ಮನೆಯಲ್ಲಿ ಇರುತ್ತೇನೆ ಎಂದು ಹೇಳಲಾಗುವುದಿಲ್ಲ.

ಅಪ್ಪ